ಸೆರಗಿನೊಳಗಿನ ಜಾಕೆಟ್

ಪಕ್ಕದ ಮನೆಯ ಕಾಕಿ ತಮ್ಮ ಜಾಕೆಟ್ಟನ್ನು ಸೆರಗಿನೊಳಗೆ ಮುಚ್ಚಿಕೊಂಡದ್ದು ನನ್ನ ಬಾಯಿಯ ದೆಸೆಯಿಂದ. ಮೊದಲೇ ಹೇಳಿಬಿಡುತ್ತೇನೆ, ಇನ್ನೊಬ್ಬರು ಉಪ್ಪುಖಾರ ಹಚ್ಚಿ ಹೇಳುವುದು ಬೇಡ.

ದೇವರಿಗೆ ನಡೆದು ಹೋಗುವವರಿಗೆ ಬೇಸಿಗೆಯಲ್ಲಿ ನಮ್ಮ ಜೇವರ್ಗಿ ಕಾಲೋನಿಯ ಕೆಲವರು ಕಮಲಾಪುರದ ಹತ್ತಿರ, ಹೆದ್ದಾರಿಯ ಪಕ್ಕದಲ್ಲಿ ನೀರು, ಮಜ್ಜಿಗೆ ಕೊಡುತ್ತಿದ್ದೆವು. ಬಿಸಿಲಿಗೆ ಹೆದರಿ ಮಂದಿ ನಡೆಯುತ್ತಿದ್ದದ್ದು ಹೊತ್ತು ಮುಳುಗುವಾಗ. ಲಾರಿಗಳ ಭರಾಟೆಯೂ ಆಗಲೇ. ರಸ್ತೆಯಲ್ಲಿ ನಿಲ್ಲುವವರು ದೂರದಿಂದ ಕಾಣಲಿ ಎಂದು ಆ ವರ್ಷ ಯಾರೋ ಪುಣ್ಯಾತ್ಮರು ಬೆಳ್ಳಿ ಪಟ್ಟಿಯ ಕಿತ್ತಳೆ ಜಾಕೆಟ್ಟುಗಳನ್ನು ಕೊಡಿಸಿದ್ದರು.

ಸಿಕ್ಕಿದ್ದೇ ತಡ, ತೊಟ್ಟುಕೊಂಡು ಎಲ್ಲರ ದನಿ, ನಡಿಗೆಯ ನಕಲು ಶುರುಮಾಡಿದೆ. ನನ್ನದೇನು ಚಂದವಿರಲಿಲ್ಲ, ಕಡ್ಡಿಗೆ ಕಿತ್ತಳೆ ಸಿಪ್ಪೆ ಸುತ್ತಿದಂತಿದ್ದೆ. ಕಾಕಿ ಕಡುನೀಲಿ ಇಳಕಲ್ ಸೀರೆಯ ಮೇಲೆ ಜಾಕೆಟ್ ತೊಟ್ಟು ಬಂದರು.

"ಕಾಕಿ, ಡಾಂಬರ್ ಹಾಕೋರಿಗೆ ಮುಕಾದಮ್ ಆದ್ರೇನ್ರೀ?" ಎಂದೆ. ರಸ್ತೆ ಕೂಲಿಗಳ ಮೇಸ್ತ್ರಿ ಮಾಡಿದ್ದಕ್ಕೆ ಎಲ್ಲರೂ ನಕ್ಕರು. ಮಜ್ಜಿಗೆ ಹಂಡೆಯ ಹತ್ತಿರ ಕಾಕಿಯ ಮಾವ ಕೂತಿದ್ದರು. ಅವರನ್ನು ನಾವೆಲ್ಲ ಮುತ್ಯಾ, ಅಂದರೆ ಅಜ್ಜ, ಅನ್ನುತ್ತಿದ್ದೆವು. ಮಾವನೆದುರು ಕಾಕಿ ಎರಡೂ ಹೆಗಲು ಮುಚ್ಚದೆ ಎಂದೂ ನಿಂತವರಲ್ಲ. ಆ ನಗೆಗೆ ನಾಚಿ ಸೆರಗನ್ನು ಜಾಕೆಟ್ಟಿನ ಮೇಲೆ ಬಿಗಿಯಾಗಿ ಹೊದ್ದುಕೊಂಡರು.

"ಒಳಗ ಹಾಕ್ಕೊಂಡೀನಲ್ಲೋ, ಸಾಕು."

ಮಬ್ಬು ಇಳಿಯಿತು. ಮೊದಲ ಲಾರಿಯ ಬೆಳಕು ನಮ್ಮವರ ಮೇಲೆ ಬಿದ್ದಾಗ ಲೋಟ ಹಿಡಿದವನು ಹಾಗೇ ನಿಂತೆ. ಮುಖಗಳು ಕರಗಿ, ಪಟ್ಟಿಗಳು ಮಾತ್ರ ಗಾಳಿಯಲ್ಲಿ ನಡೆಯುತ್ತಿದ್ದವು. ದಾಲ್‌ಮಿಲ್ಲಿನ ಗುಮಾಸ್ತ, ಟ್ಯೂಷನ್ ಮಾಸ್ತರು, ನಾನು ದಿನಾ ಆಡಿಕೊಳ್ಳುವ ಮಂದಿಯೇ, ಮೈಯೊಳಗೆ ದೀಪ ಹಚ್ಚಿಕೊಂಡಂತೆ ಬೆಳಗುತ್ತಿದ್ದರು. ಲಾರಿ ದಾಟಿದೊಡನೆ ಮತ್ತೆ ಅದೇ ಗುಮಾಸ್ತ, ಅದೇ ಮಾಸ್ತರು. ಇದನ್ನು ಹೇಗೆ ನಕಲು ಮಾಡುವುದೋ ನನಗೆ ಹೊಳೆಯಲೇ ಇಲ್ಲ.

ಅಷ್ಟರಲ್ಲಿ ರಸ್ತೆಯಾಚೆ ಒಬ್ಬ ಮುದುಕಿ ನೀರಿಗೆ ಕೈ ಚಾಚಿದಳು. ಕಾಕಿ ತಂಬಿಗೆ ಹಿಡಿದು ಹೊರಟರು. ಹುಮನಾಬಾದ್ ಕಡೆಯಿಂದ ಇನ್ನೊಂದು ಲಾರಿ ಬಂತು. ಅದರ ಬೆಳಕಿಗೆ ರಸ್ತೆಯಂಚಿಗೆ ನಿಂತ ನಮ್ಮವರೆಲ್ಲ ಝಗ್ಗೆಂದರು; ನಡುರಸ್ತೆಯಲ್ಲಿ ಕಾಕಿ ಇದ್ದ ಜಾಗ ಮಾತ್ರ ಕಪ್ಪಗೇ ಇತ್ತು. ಲಾರಿಯ ವೇಗ ತಗ್ಗಲಿಲ್ಲ. ನಾನು ಕೂಗಿದರೆ ಚೇಷ್ಟೆ ಎಂದುಕೊಂಡಾರು. ನನ್ನ ಬಾಯಿಂದ ಹೊರಟದ್ದು ಮುತ್ಯಾನ ಗೊಗ್ಗರು ದನಿ: "ಸೆರಗು ಸರಿಸವ್ವಾ! ಜಾಕೆಟ್ ಕಾಣ್ಲಿ!"

ಮಾವನ ಮಾತೆಂದು ಕಾಕಿಯ ಕೈ ತಾನಾಗಿ ಸೆರಗು ಸರಿಸಿತು. ಕತ್ತಲಿದ್ದಲ್ಲಿ ಬೆಳ್ಳಿ ಹೊತ್ತಿಕೊಂಡಿತು. ಲಾರಿ ಕಿರ್ರೆಂದು ಪಕ್ಕಕ್ಕೆ ತಿರುಗಿ ನಿಂತಿತು. ತಂಬಿಗೆಯ ನೀರಷ್ಟೇ ಚೆಲ್ಲಿತ್ತು.

"ಅಲ್ಲಾ ಕಸಂ, ಕಂಡೇ ಇದ್ದಿಲ್ರೀ ಅಕ್ಕಾ," ಡ್ರೈವರ್ ಎದೆ ಹಿಡಿದುಕೊಂಡ. "ಒಮ್ಮಿಗೇ ಮಿಂಚ್ ಹೊಡದಂಗ ಕಂಡ್ರಿ!"

ಕಾಕಿ ಈಚೆ ಬಂದು ಮತ್ತೆ ಹೆಗಲ ಮೇಲೆ ಸೆರಗೆಳೆದುಕೊಂಡರು. "ಮಾವರ, ನೀವ ಹಂಗ ಅಂದ್ರೇನ್ರೀ? ನಿಮ್ಮ ಮುಂದ ಸೆರಗು ಹ್ಯಾಂಗ ಸರಿಸ್ಲಿರೀ…"

ಮುತ್ಯಾ ಒಮ್ಮೆ ನನ್ನ ಕಡೆ ನೋಡಿದರು. ನಾನಾಗಲೇ ಹಂಡೆಯ ಹಿಂದೆ ಸೇರಿದ್ದೆ.

"ಆಗ ನಾ ಅಂದಿದ್ದಿಲ್ಲ, ಈಗ ಅಂತೀನಿ," ಎಂದರು. "ನಾ ನಿನ್ನ ನೋಡ್ಲಿಲ್ಲಂದ್ರೂ ನಡೀತದವ್ವಾ, ಲಾರಿಯವ ನೋಡ್ಬೇಕು."