ಬಾಮೈದನ ಬಂದೂಕಿಳಿಸಿದ ಪುಟ್ಟಸ್ವಾಮಣ್ಣ

ಪುಟ್ಟಸ್ವಾಮಣ್ಣನ ಶಾಮಿಯಾನದ ಕೆಳಗೆ ಊಟಕ್ಕೆ ಕೂತವರು ಎಲೆ ನೋಡುವ ಮೊದಲು ತಲೆಯೆತ್ತಿ ತೂತು ಓದುತ್ತಿದ್ದರು. ಹಳದಿ ಬಟ್ಟೆಯ ಮೇಲೆ ಅಲ್ಲಲ್ಲಿ ಅಂಗೈ ಅಗಲದ ಕೆಂಪು ತೇಪೆ, ತೇಪೆಯ ಮೇಲೆ ಕಪ್ಪು ದಾರದಲ್ಲಿ ದಪ್ಪ ಅಕ್ಷರ. ‘ಕೆ.ಆರ್. ಪೇಟೆ ಕಡೆ ಬೀಗರು ಹೊಡೆದ ತೂತು.’ ‘ನಾಗಮಂಗಲ ದಿಬ್ಬಣದವರ ಕೃಪೆ.’ ಯಾರ ಹೆಸರನ್ನೂ ಅವನು ಹಾಕುತ್ತಿರಲಿಲ್ಲ. ಆದರೂ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ನಮ್ಮಲ್ಲಿ ಕಡಿಮೆಯೇ? “ನಮ್ಮ ಮಾನ ಕಳೀತಿದ್ದೀಯಾ, ಬಿಚ್ಚು ಅದನ್ನ” ಎಂದು ಕೂಗಾಡಿಕೊಂಡು ತಾವಾಗೇ ಬಂದು ಸಿಕ್ಕಿಬೀಳುತ್ತಿದ್ದರು.

“ಓ, ನೀವೇನಾ ಅದು? ಗೊತ್ತೇ ಇರ್ನಿಲ್ಲ, ಕೂತ್ಕಳಿ” ಎಂದು ಪುಟ್ಟಸ್ವಾಮಣ್ಣ ಅವರಿಗೆ ಮಜ್ಜಿಗೆ ಕೊಡಿಸುತ್ತಿದ್ದ.

ಅವನು ಪಾಲಹಳ್ಳಿಯವನು. ಸುತ್ತಲ ತಾಲ್ಲೂಕುಗಳ ಮದುವೆ, ತಿಥಿ, ಬೀಗರೂಟಕ್ಕೆಲ್ಲ ಅವನದೇ ಶಾಮಿಯಾನ. ಕಬ್ಬಿನ ಗದ್ದೆಗೆ ನುಗ್ಗುವ ಹಂದಿ ಹೆದರಿಸಲೆಂದು ಲೈಸೆನ್ಸು ಪಡೆದ ಬಂದೂಕುಗಳು ನಮ್ಮ ಕಡೆ ಹಂದಿಯ ಮುಖ ನೋಡಿದ್ದಕ್ಕಿಂತ ಮದುಮಗನ ಮುಖ ನೋಡಿದ್ದೇ ಹೆಚ್ಚು. ದಿಬ್ಬಣ ಬಂತೆಂದರೆ ಒಬ್ಬ ದೊಡ್ಡ ಮನುಷ್ಯ ಮೀಸೆ ತೀಡಿಕೊಂಡು ಆಕಾಶಕ್ಕೆ ಡಂ ಅನ್ನಿಸಲೇಬೇಕು. ಆಕಾಶಕ್ಕೂ ಅವನಿಗೂ ನಡುವೆ ಒಂದು ಶಾಮಿಯಾನ ಇದೆಯೆಂಬುದು ಆ ಹೊತ್ತಿಗೆ ಅವನಿಗೆ ಕಾಣುತ್ತಿರಲಿಲ್ಲ, ಪಾಪ, ಬೆಳಗ್ಗೆಯೇ ಕುಡಿದಿರುತ್ತಿದ್ದ.

ಸತ್ಯ ಹೇಳಿಬಿಡುತ್ತೇನೆ. ಪುಟ್ಟಸ್ವಾಮಣ್ಣ ಈ ಹೋರಾಟಕ್ಕಿಳಿದದ್ದು ಲೋಕೋದ್ಧಾರಕ್ಕಲ್ಲ, ಬಟ್ಟೆ ಹಾಳಾಯಿತಲ್ಲ ಎಂಬ ಹೊಟ್ಟೆಯುರಿಗೆ. ನನ್ನದು ಶ್ರೀರಂಗಪಟ್ಟಣದಲ್ಲಿ ಜೆರಾಕ್ಸ್ ಅಂಗಡಿ. ಬಂದೂಕಿನ ಲೈಸೆನ್ಸು ನವೀಕರಿಸಲು ಬರುವವರೂ ನನ್ನ ಗಿರಾಕಿಗಳು, ಅವರ ವಿರುದ್ಧ ಅರ್ಜಿ ಬರೆಸುವ ಪುಟ್ಟಸ್ವಾಮಣ್ಣನೂ ಗಿರಾಕಿ. ನ್ಯಾಯ ಯಾವ ಕಡೆಗಿದ್ದರೂ ನನಗೆ ವ್ಯಾಪಾರ. ಅವನು ಸ್ಟೂಲಿನ ಮೇಲೆ ಕಾಲು ಮಡಚಿ ಕೂತು ಹೇಳುತ್ತಿದ್ದ: “ಮೊದ್ಲು ಮಾನ್ಯರೇ ಅಂತ ಆಕ್ಲಾ ಕುಮಾರ. ಆಮೇಲೆ ಬಯ್ಕಂಡ್ ಓಗು.”

ಸಂಭ್ರಮಕ್ಕೆಂದು ಗುಂಡು ಹಾರಿಸುವುದೇ ಅಪರಾಧ, ಕಾನೂನೇ ಹಾಗೆ ಹೇಳುತ್ತದೆ ಎಂದು ನಾನೊಂದು ದಿನ ಓದಿ ಹೇಳಿದೆ. ಮನುಷ್ಯ ಸ್ಟೂಲಿನಿಂದ ಎದ್ದೇಬಿಟ್ಟ. ಅಂದಿನಿಂದ ಆ ಕಾನೂನಿನ ಜೆರಾಕ್ಸು ಅವನ ಶಾಮಿಯಾನದ ಕಂಬಕಂಬಕ್ಕೂ ಅಂಟಿತು. ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿದ: “ಲೈಸೆನ್ಸ್ ಇರೋ ದೊಡ್ಡೋರೆಲ್ಲ ಇಲ್ಲೇ ಅವ್ರೆ. ಯಾರ್ಯಾರು ಎಷ್ಟೆಷ್ಟು ಅಂದಿ ಒಡ್ದವ್ರೆ, ಒಸಿ ಏಳ್ಬುಡ್ಲಿ. ಊರ್ಗೂ ಗೊತ್ತಾಗ್ಲಿ.” ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಮೀಸೆಗಳೆಲ್ಲ ಎದ್ದು ಚಪ್ಪಲಿ ಹುಡುಕಿಕೊಂಡವು.

ಅರ್ಜಿಗಳಿಗೆ ಬರುತ್ತಿದ್ದ ಉತ್ತರ ಮಾತ್ರ ಒಂದೇ: ಯಾರು ಹೊಡೆದರೆಂದು ಯಾರಾದರೂ ಹೇಳಿಕೆ ಕೊಡಬೇಕಲ್ಲ? ಅಲ್ಲೇ ಬಂತು ತೊಡಕು. ನಮ್ಮ ಕಡೆ ಎಲ್ಲರೂ ಎಲ್ಲರಿಗೂ ಬೀಗರು. ಬೀಗನ ಮೇಲೆ ದೂರು ಕೊಟ್ಟು ಮುಂದಿನ ಬೀಗರೂಟಕ್ಕೆ ಯಾವ ಮುಖ ಹೊತ್ತುಕೊಂಡು ಹೋಗುವುದು?

ಆ ಪ್ರಶ್ನೆ ಕೊನೆಗೆ ಪುಟ್ಟಸ್ವಾಮಣ್ಣನ ಮನೆಬಾಗಿಲಿಗೇ ಬಂತು. ಅವನ ಹೆಂಡತಿ ಜಯಮ್ಮಕ್ಕನ ತಮ್ಮ ಬೋರೇಗೌಡ, ಪಾಂಡವಪುರದ ಕಡೆ ಹಳ್ಳಿಯವನು. ತಾಯಿಯಿಲ್ಲದ ಅವನನ್ನು ಜಯಮ್ಮಕ್ಕನೇ ಎತ್ತಿ ಆಡಿಸಿ ಬೆಳೆಸಿದ್ದಳು. ಅವನ ಮಗಳ ಮದುವೆ. ಶಾಮಿಯಾನ ಭಾವನದೇ, ಪುಕ್ಕಟೆ. ದಿಬ್ಬಣ ಬಂದಾಗ ಭಾವ ಬೇಡ ಬೇಡ ಅನ್ನುತ್ತಿದ್ದಂತೆಯೇ ಬೋರೇಗೌಡ ತನ್ನ ಒಂಟಿ ನಳಿಗೆಯ ಬಂದೂಕು ಎತ್ತಿದ. ಕಾಲು ತಡವರಿಸಿತು, ನಳಿಗೆ ವಾಲಿತು, ತೋಟಾದೊಳಗಿನ ಸೀಸದ ರವೆ ಕಬ್ಬಿಣದ ಕಂಬಕ್ಕೆ ಬಡಿದು ಸಿಡಿಯಿತು. ವಾಲಗದವರಲ್ಲಿ ಡೋಲು ಬಾರಿಸುತ್ತಿದ್ದ ಸಿದ್ದರಾಜು ಮುಖ ಹಿಡಿದುಕೊಂಡು ಕೂತ. ಅವನ ಒಂದು ಕಣ್ಣು ಹೋಯಿತು.

ಪೊಲೀಸರು ಬಂದು ಕೇಳಿದಾಗ ಇಡೀ ಮದುವೆಮನೆ ಒಂದೇ ಬಾಯಲ್ಲಿ ಪಟಾಕಿ ಅಂದಿತು. ಬೋರೇಗೌಡನೂ ಪಟಾಕಿ ಅಂದ. ತಾಳಿ ಕಟ್ಟಿಸಿದ ಪುರೋಹಿತರು ಕೂಡ, ದೇವರಾಣೆ, ಪಟಾಕಿ ಅಂದರು. ಪುಟ್ಟಸ್ವಾಮಣ್ಣ ಒಬ್ಬನೇ ಮುಂದೆ ಬಂದ. “ಬಂದೂಕ ಸಾರ್. ಒಡ್ದೋನು ನನ್ ಬಾಮೈದ. ನಾನೇ ಕಣ್ಣಾರ ಕಂಡಿವ್ನಿ, ಬರ್ಕಳಿ” ಅಂದ.

ಆಮೇಲೆ ಮನೆಯಲ್ಲಿ ಆದ ರಂಪಕ್ಕೆ ನಾನೇ ಸಾಕ್ಷಿ. ಹೇಳಿಕೆಯ ನಕಲು ಕೊಡಲು ಹೋಗಿದ್ದೆ.

“ನನ್ ತವ್ರುಮನೆ ಬಾಗ್ಲು ಮುಚ್ಚಿಸ್ಬುಟ್ರಲ್ಲ! ಒಂದ್ ಸಲ ಪಟಾಕಿ ಅಂದಿದ್ರೆ ನಿಮ್ ನಾಲ್ಗೆ ಸವ್ದೋಯ್ತಿತ್ತಾ?” ಜಯಮ್ಮಕ್ಕ ಎದೆ ಎದೆ ಬಡಿದುಕೊಂಡಳು.

“ಸಿದ್ರಾಜನ ಎಂಡ್ರ ಮುಂದೆ ನಿಂತ್ಕಂಡು, ನಿನ್ ಗಂಡನ ಕಣ್ಣು ಪಟಾಕಿಗೋಯ್ತು ಕಣವ್ವ ಅಂತ ನೀನೇ ಏಳ್ಬುಟ್ ಬಾ. ಆಮೇಲೆ ನಾನೂ ಅಂಗೇ ಅಂತೀನಿ” ಅಂದ ಪುಟ್ಟಸ್ವಾಮಣ್ಣ.

ಅವಳು ಹೋಗಲಿಲ್ಲ. ಗಂಡನ ಜೊತೆ ಮಾತು ಮಾತ್ರ ಬಿಟ್ಟಳು. ಗಂಡನಿಗೆ ಹೇಳಬೇಕಾದ್ದನ್ನೆಲ್ಲ ಎಮ್ಮೆಗೆ ಹೇಳತೊಡಗಿದಳು. “ಸೊಪ್ಪಿನ ಸಾರು ಮಾಡಿವ್ನಿ, ಬೇಕಾದೋರು ಉಣ್ಬೋದು” ಅಂತ ಹಟ್ಟಿಯಲ್ಲಿ ಕೂಗುತ್ತಿದ್ದಳು. ಎಮ್ಮೆ ಕಿವಿ ಅಲ್ಲಾಡಿಸಿ ಸುಮ್ಮನಾಗುತ್ತಿತ್ತು, ಪುಟ್ಟಸ್ವಾಮಣ್ಣ ಹೋಗಿ ಉಣ್ಣುತ್ತಿದ್ದ.

ಬೋರೇಗೌಡನ ಲೈಸೆನ್ಸು ರದ್ದಾಯಿತು, ಬಂದೂಕು ಹೋಯಿತು, ಮೇಲೊಂದು ಕೇಸು. ಗೌರಿ ಹಬ್ಬಕ್ಕೆ ತವರಿನ ಬಾಗಿನ ಬರಲಿಲ್ಲ. ಜಯಮ್ಮಕ್ಕ ಬಾಗಿಲು ಕಾಯುವುದನ್ನು ನೋಡಲಾರದೆ ಪುಟ್ಟಸ್ವಾಮಣ್ಣನೇ ಬಾಮೈದನ ಮನೆಗೆ ಹೋಗಿ ಕರೆದ. “ಹೇಳಿಕೆ ವಾಪಸ್ ತಗಳಿ, ಇವತ್ತೇ ಬತ್ತೀನಿ” ಅಂದನಂತೆ ಅವನು. ಇವನು ನೀರೂ ಕುಡಿಯದೆ ಎದ್ದು ಬಂದ. ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು, “ಒಂದ್ ಸುಳ್ಳೇಳಿದ್ರೆ ಅವ್ಳಿಗೆ ಅಬ್ಬ ಆಗೋದು ಕಣ್ಲಾ” ಅಂದ. ಅವನ ಕಣ್ಣಲ್ಲಿ ನೀರು ಕಂಡದ್ದು ಅದೊಂದೇ ಸಲ. ಆದರೂ ಕೋರ್ಟಿನಲ್ಲಿ ನಿಲ್ಲಿಸಿ ಕೇಳಿದಾಗ ಅದೇ ಮಾತು ಹೇಳಿದ: ಬಂದೂಕ ಸಾರ್, ಬಾಮೈದ ಸಾರ್.

ಆಮೇಲೆ ನಡೆದದ್ದು ಮಾತ್ರ ಯಾವ ಸರ್ಕಾರವೂ ಯೋಚಿಸಿರಲಾರದ ಕೆಲಸ. ಒಂದು ದಿನ ಬೋರೇಗೌಡ ನನ್ನ ಅಂಗಡಿಗೆ ಬಂದು ಮೇಜು ಗುದ್ದಿದ. “ಬರೀಲಾ ಅರ್ಜಿ! ಆ ಪಕ್ಕದ ಮನೆಯೋನು ಗೃಹಪ್ರವೇಶದಲ್ಲಿ ಡಂ ಅನ್ನಿಸ್ದ. ನನ್ಗಿಲ್ದಿರೋ ಬಂದೂಕ ಅವ್ನಿಗ್ಯಾಕೆ?” ಆಮೇಲೆ ಇನ್ನೊಬ್ಬನ ಮೇಲೆ. ಆಮೇಲೆ ಮತ್ತೊಬ್ಬನ ಮೇಲೆ. ಯಾವ ಮದುವೆಯಲ್ಲಿ ಸದ್ದಾದರೂ ಮಾರನೇ ದಿನ ಗೌಡ ನನ್ನ ಅಂಗಡಿಯಲ್ಲಿ ಹಾಜರು, ಹೇಳಿಕೆ ಕೊಡಲೂ ತಯಾರು. ಆ ಸುತ್ತಿನ ಮದುವೆಗಳಲ್ಲಿ ಬಂದೂಕುಗಳು ಒಂದೊಂದಾಗಿ ಬಾಯಿ ಮುಚ್ಚಿದವು.

ಇದನ್ನು ಕೇಳಿ ಪುಟ್ಟಸ್ವಾಮಣ್ಣ ಟೀ ನೆತ್ತಿಗೇರುವಷ್ಟು ನಕ್ಕ. “ಕಾನೂನ್ಗೆಲ್ಲಿ ಕಾಲೈತ್ಲಾ? ಒಟ್ಟೆಕಿಚ್ಚೇ ಅದನ್ನ ಒತ್ಕಂಡ್ ತಿರುಗ್ಬೇಕು” ಅಂದ. ಬಾಯಿ ಒರೆಸಿಕೊಂಡ ಮೇಲೆ ಮೆಲ್ಲಗೆ, “ಮನೆಗೊಂದ್ಸಲ ಬಂದ್ ಓಗು ಅಂತ ಅವ್ನಿಗೇಳು” ಅಂದ. ಹೇಳಿದೆ. ಅವನು ಮೀಸೆ ತಿರುವಿ ಹೊರಟುಹೋದ.

ಕಳೆದ ವರ್ಷ ಎದೆನೋವೆಂದು ಪುಟ್ಟಸ್ವಾಮಣ್ಣನನ್ನು ಮೈಸೂರಿಗೆ ಕರೆದುಕೊಂಡು ಹೋದವರು ಹೆಣ ತಂದರು. ನನಗೆ ಅಪ್ಪ ಸತ್ತಾಗಲೂ ಅಷ್ಟು ದುಃಖವಾಗಿರಲಿಲ್ಲ. ಅಂಗಳದ ತುಂಬ ಜನ. ಒಂದು ಮೂಲೆಯಲ್ಲಿ ಸಿದ್ದರಾಜು ತಲೆ ತಗ್ಗಿಸಿ ನಿಂತಿದ್ದ. ಅಷ್ಟರಲ್ಲಿ ಬಿಳಿ ಅಂಗಿಯ ಯುವ ಮುಖಂಡನೊಬ್ಬ ಕಾರಿನಿಂದ ಬಂದೂಕು ತೆಗೆದ. “ಹಿರಿಯರು, ಗೌರವಕ್ಕೆ ಎರಡು ಗುಂಡು ಹಾರಿಸೋಣ” ಅಂದ. ಅಯ್ಯೋ ನಿನ್ನ ಗೌರವಕ್ಕಿಷ್ಟು ಬೆಂಕಿ ಹಾಕ ಅಂದುಕೊಂಡೆ.

ಹಿಂದಿನಿಂದ ಒಂದು ಕೈ ಬಂದು ಆ ಬಂದೂಕನ್ನು ಕಿತ್ತುಕೊಂಡಿತು. ಬೋರೇಗೌಡ! “ಲೇ, ನಮ್ ಭಾವ ಉಸ್ರಿರೋ ಗಂಟ ಬ್ಯಾಡ ಅಂದಿದ್ನ ಅವ್ನ ಎಣದ ಮುಂದೆ ಮಾಡ್ತೀಯೇನ್ಲಾ?”

“ನೀವೂ ಮಗಳ ಮದುವೇಲಿ ಹೊಡೆದೋರೇ ಅಲ್ವಾ ಗೌಡ್ರೆ?” ಎಂದು ಹುಡುಗ ಗೊಣಗಿದ.

ಅಷ್ಟು ವರ್ಷ ಪೊಲೀಸರ ಮುಂದೆ, ಕೋರ್ಟಿನ ಮುಂದೆ ಪಟಾಕಿ ಪಟಾಕಿ ಎಂದೇ ಸಾಧಿಸಿದ್ದ ಮನುಷ್ಯ ಸಿದ್ದರಾಜುವಿನ ಕಡೆ ತಿರುಗಿದ. “ಊಂ ಕಣ್ಲಾ, ಒಡ್ದೆ. ಇವ್ನ ಕಣ್ಣು ತೆಗ್ದೋನು ನಾನೇ” ಅಂದ.

ಜಯಮ್ಮಕ್ಕ ಹೆಣದ ಪಕ್ಕದಿಂದ ತಲೆಯೆತ್ತಿದಳು. “ಈ ಮಾತ್ನ ಅವ್ರು ಬದುಕಿದ್ದಾಗ ಬಂದು ಏಳಕ್ಕೆ ನಿನ್ಗೇನಾಗಿತ್ಲಾ, ಬೋರ?”

ಬೋರೇಗೌಡ ಅಕ್ಕನ ಕಾಲ ಬುಡದಲ್ಲಿ ಕುಸಿದು ಕೂತ.

“ಭಾವ ಗೆದ್ಬುಡ್ತಿದ್ನಲ್ಲಕ್ಕ” ಅಂದ, ಅಳುತ್ತಾ.