ಬಣ್ಣಕ್ಕೆ ಬಾಗಿಲು ಹಾಕಿದ ಅಕ್ಕ

ಬೀದಿಯವರೆಲ್ಲ ಅವಳನ್ನು ಚೀಟಿ ಅಕ್ಕ ಎನ್ನುತ್ತಿದ್ದರು. ವೆಬ್‌ಸೈಟ್ ಮಾಡಿಕೊಡುವುದು ಕಸುಬು. ಯಾವ ಪುಟ ಎಲ್ಲಿ, ಪುಟದಲ್ಲಿ ಯಾವುದು ಮೇಲೆ, ಯಾವುದು ಕೆಳಗೆ ಎಂಬುದೆಲ್ಲ ಚೀಟಿಗಳಲ್ಲಿ ಇತ್ಯರ್ಥವಾಗುವ ತನಕ ಅವಳ ಕೋಣೆಗೆ ಬಣ್ಣ ಕಾಲಿಡುವಂತಿಲ್ಲ. ಕೆಂಪು ಶಾಲು ಹೊದ್ದು ಬಂದ ಅತ್ತೆಯನ್ನೇ ಬಾಗಿಲಾಚೆ ನಿಲ್ಲಿಸಿದ್ದಳಂತೆ. ಸುಳ್ಳೆನ್ನುವುದಾದರೆ ಶಾಲೇ ಬಂದು ಸಾಕ್ಷಿ ಹೇಳಲಿ.

ಕಚೇರಿಯ ಕೆಲಸ ಬಿಟ್ಟ ಮೇಲೆ ಸಿಕ್ಕ ಮೊದಲ ಗಿರಾಕಿ ಬೀಗ ರಿಪೇರಿಯವನು. ಅಂದು ಬೆಳಿಗ್ಗೆ ಬಂದವನೇ ನೆಲದ ತುಂಬ ಹರಡಿದ್ದ ಬಿಳಿ ಚೀಟಿಗಳನ್ನು ಕಂಡು ಬೆಚ್ಚಿದ.

“ಏನಕ್ಕಾ ಇದು? ಬಣ್ಣ ಎಲ್ಲಿ? ನನ್ನ ಫೋಟೊ ಎಲ್ಲಿ?”

“ಕೂಸು ಹುಟ್ಟೋಕೆ ಮುಂಚೆ ಕುಲಾವಿ ಯಾಕಣ್ಣಾ?”

“ಕುಲಾವಿ ತೋರಿಸದಿದ್ರೆ ಇವತ್ತೇ ಬೇರೆಯವರ ಹತ್ರ ಹೋಗ್ತೀನಿ.”

ಇವನು ಹೋದರೆ ಮತ್ತೆ ಹಳೆಯ ಕಚೇರಿಯ ಬಾಗಿಲೇ ಗತಿ. “ಅತ್ತೇ, ಒಂಚೂರು ಬನ್ನಿ!” ಎಂದು ಅಕ್ಕ ಕೂಗಿದಳು.

ಅತ್ತೆ ಶಾಲು ಕಳಚಿಟ್ಟು ಬಂದರು.

“ಅತ್ತೇ, ಹೀಗಂದ್ಕೊಳ್ಳಿ: ಕೀಲಿ ಒಳಗೆ, ನೀವು ಹೊರಗೆ, ಒಲೆ ಮೇಲೆ ಹಾಲು. ಈ ಚೀಟಿಗಳೇ ಈ ಅಣ್ಣನ ವೆಬ್‌ಸೈಟು. ಇವರನ್ನ ಕರೆಸೋಕೆ ಎಲ್ಲಿ ಒತ್ತುತ್ತೀರಿ?”

ಅತ್ತೆ ‘ನಮ್ಮ ಅಂಗಡಿಯ ಕಥೆ’ ಎಂದು ಬರೆದ ಚೀಟಿ ಒತ್ತಿದರು. ಅಕ್ಕ ಆ ಪುಟ ಮುಂದಿಟ್ಟಳು. ‘ಬೀಗದ ಬಗೆಗಳು’ ಒತ್ತಿದರು, ಅದೂ ಬಂತು. ಬೆರಳು ಭೂಮಂಡಲವನ್ನೇ ಮೂರು ಸುತ್ತು ಹಾಕಿ ಬೆವರಿತು.

“ಹಾಲು ಉಕ್ಕಿ ಬೀದಿಗೆ ಬಂತು ಕಣೇ! ಎಲ್ಲಿ ಸತ್ತ ನಿನ್ನ ಬೀಗದವನು?”

“ಇಲ್ಲೇ ಇದ್ದೀನಮ್ಮಾ!” ಎಂದ ಬೀಗದವನು ಗಾಬರಿಯಿಂದ.

ತಪ್ಪು ಅಕ್ಕನದೇ. ಫೋನ್ ನಂಬರನ್ನು ಕಟ್ಟಕಡೆಯ ಪುಟದ ಮೂಲೆಗೆ ತಳ್ಳಿದ್ದಳು. ಆದರೂ ನಿಧಿ ಸಿಕ್ಕವಳಂತೆ ಕುಣಿದಳು. ಇದು ಬಣ್ಣ ಬಳಿದ ಮೇಲೆ ಗೊತ್ತಾಗಿದ್ದರೆ ವಾರದ ಕೆಲಸ ನೀರುಪಾಲು. ಈಗ ಒಂದು ಚೀಟಿ ಹರಿದರೆ ಮುಗಿಯಿತು! ಹರಿದಳು. ‘ಈಗಲೇ ಕರೆ ಮಾಡಿ’ ಎಂದು ಅಂಗೈಯಗಲ ಬರೆದು ಮೊದಲ ಪುಟದ ನೆತ್ತಿಗಿಟ್ಟಳು.

ಅತ್ತೆಯ ಬೆರಳು ಹದ್ದಿನಂತೆ ಎರಗಿತು. “ಹಾಲು ಉಳೀತು!”

ಬೀಗದವನು ಮಂಡಿಯೂರಿ ಕೂತೇಬಿಟ್ಟ. “ಕೀಲಿ ಕಳೆದವರಿಗೆ ಒಂದು ಪುಟ, ಬೀಗ ಕೆಟ್ಟವರಿಗೆ ಇನ್ನೊಂದು ಬೇಕಲ್ವಾ ಅಕ್ಕಾ? ನನ್ನ ಫೋಟೊ ಎಲ್ಲಾದ್ರೂ ಕೆಳಗಿರಲಿ,” ಎನ್ನುತ್ತ ಅವಳ ಕೈಯಿಂದ ಪೆನ್ಸಿಲ್ ಕಿತ್ತುಕೊಂಡ. ಮಧ್ಯಾಹ್ನದ ಹೊತ್ತಿಗೆ ಚೀಟಿಗಳು ಹೊಸ್ತಿಲು ದಾಟಿ ಅಡುಗೆಮನೆ ಸೇರಿದ್ದವು.

“ಅಣ್ಣಾ, ಈಗ ಬಣ್ಣ ಆರಿಸೋಣವಾ?” ಎಂದಳು ಅಕ್ಕ.

ಅವನು ತಲೆಯೆತ್ತಲಿಲ್ಲ. “ಸುಮ್ನಿರಿ ಅಕ್ಕಾ, ಕೂಸೇ ಹುಟ್ಟಿಲ್ಲ ಇನ್ನೂ!”