ಟವರಿಲ್ಲದ ಹೊಳೆಯ ಮೇಲೆ ಐದು ಸೆಟ್ಟುಗಳು

ಬೆಳಿಗ್ಗೆ ಎಂಟೂವರೆಗೆ ಶಿವಮೊಗ್ಗದ ನಿಲ್ದಾಣದಲ್ಲಿ ಭದ್ರಾವತಿಯ ಕೆಂಪು ಬಸ್ಸು ಹತ್ತಿದಾಗ ನನ್ನ ತೊಡೆಯ ಮೇಲೊಂದು ತಗಡಿನ ಪೆಟ್ಟಿಗೆ ಇತ್ತು. ಆಧಾರ್ ನೋಡಿ ಉಚಿತ ಟಿಕೆಟ್ ಕೊಟ್ಟ ಕಂಡಕ್ಟರ್, ಪೆಟ್ಟಿಗೆಯಲ್ಲಿ ಹಪ್ಪಳವೇ ಎಂದು ಕೇಳಿದ. ಪಕ್ಕದಲ್ಲಿದ್ದ ನನ್ನ ಅಣ್ಣನ ಮಗಳು ಸವಿತಾ ನಕ್ಕುಬಿಟ್ಟಳು. ಒಳಗಿದ್ದದ್ದು ಐದು ಕೈಸೆಟ್ಟುಗಳು. ಮೊಬೈಲ್ ಟವರಿನ ಹಂಗಿಲ್ಲದೆ ಒಂದಕ್ಕೊಂದು ನೇರವಾಗಿ ಮಾತಾಡುವ ಈ ಸೆಟ್ಟುಗಳನ್ನು ಅವಳು ಪಾಠ ಹೇಳುವ ಕಾಲೇಜಿನಲ್ಲಿ ಎರಡು ವರ್ಷ ಕೂತು ಜೋಡಿಸಿದ್ದಳು.

ದಾರಿ ಇಪ್ಪತ್ತು ಕಿಲೋಮೀಟರಿನಷ್ಟೇ. ನಿದಿಗೆ ಕೆರೆ ದಾಟುವಾಗ ಮೋಡವಿತ್ತು, ಹನಿ ಇರಲಿಲ್ಲ. ಹೋದ ಮಳೆಗಾಲದಲ್ಲಿ ಭದ್ರೆ ತಗ್ಗಿನ ಮನೆಗಳಿಗೆ ನುಗ್ಗಿದಾಗ ಫೋನುಗಳೆಲ್ಲ ಮೂಕವಾಗಿದ್ದವು. ನೆರೆಯಲ್ಲಿ ಸಿಕ್ಕವರನ್ನು ಕಾಪಾಡಲು ಹೊಳೆಯ ಎರಡು ದಡಗಳಿಂದ ಹೊರಟ ಈಜುಗಾರರ ದೋಣಿಗಳೆರಡೂ ಒಂದೇ ಮನೆಗೆ ಹೋಗಿ ಮುಟ್ಟಿದವು. ಇನ್ನೊಂದು ಮನೆಯ ಮಾಳಿಗೆಯ ಮೇಲೆ ಒಬ್ಬ ಬಾಣಂತಿ ಕೂಸನ್ನು ಅವಚಿಕೊಂಡು ಬೆಳಗಿನ ತನಕ ಕೂತಿದ್ದಳು. ಈ ಸೆಟ್ಟುಗಳು ಇವತ್ತು ಸರಿಯಾಗಿ ಮಾತಾಡಿದರೆ ಈ ಮಳೆಗಾಲಕ್ಕೆ ಈಜುಗಾರರ ಕೈಗೆ. ಇಲ್ಲವಾದರೆ ಮತ್ತೆ ಕಾಲೇಜಿನ ಕಪಾಟಿಗೆ.

"ಟವರು ಅಂದ್ರೆ ಬರೀ ಮಾತು ಸಾಗಿಸೋದಲ್ಲ ಅತ್ತೆ, ಯಾರು ಯಾವಾಗ ಮಾತಾಡ್ಬೇಕು, ಯಾವಾಗ ಕೇಳ್ಬೇಕು ಅಂತ ಹೊತ್ತು ಹೇಳೋದೂ ಅದೇ," ಎಂದಳು ಸವಿತಾ. ಅದಿಲ್ಲದಾಗ ಒಂದು ಸೆಟ್ಟು ತಾನೇ ಹೊತ್ತು ಸಾರುತ್ತದಂತೆ. ಕಣ್ಣು ಮಿಟುಕಿಸುವಷ್ಟರಲ್ಲಿ ನಾಲ್ಕಾರು ಸಲ ಒಂದು ಸಣ್ಣ ಸಂಕೇತ. ಕೇಳಿದ ಸೆಟ್ಟು ಅದಕ್ಕೆ ತನ್ನ ಗಡಿಯಾರ ಹೊಂದಿಸಿಕೊಂಡು, ಅದನ್ನೇ ಮುಂದಿನವರಿಗೂ ಸಾರುತ್ತದೆ. ತಾನು ಯಾರಿಂದ ಕೇಳಿದ್ದು ಎಂಬ ಗುರುತೂ ಆ ಸಂಕೇತದಲ್ಲೇ ಇರುತ್ತದೆ. ಕಿವಿಗೆ ಕೇಳದ, ಕಣ್ಣಿಗೆ ಕಾಣದ ಇಂಥದ್ದೊಂದು ಶಿಸ್ತು ಆ ತಗಡಿನ ಪೆಟ್ಟಿಗೆಯಲ್ಲಿದೆ ಎಂದು ತಿಳಿದ ಮೇಲೆ ನಾನದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

ಭದ್ರಾವತಿಯ ಓಲ್ಡ್ ಟೌನಿನ ಹೋಟೆಲಿನಲ್ಲಿ ಇಡ್ಲಿ ತಿನ್ನುವಾಗ ಈ ದಡದ ಈಜುಗಾರರ ಮೇಸ್ತ್ರಿ ಚಂದ್ರಪ್ಪನವರು ಬಂದರು. ಊರಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಆಚೆ ದಡದ ಮೇಸ್ತ್ರಿ ಸೆಲ್ವಂ. ಇಲ್ಲಿಯ ಈಜುಗಾರರ ಕ್ರಮವೇನೆಂದರೆ, ತಮ್ಮ ದಡದ ಮೇಸ್ತ್ರಿ ಸೀಟಿ ಊದದೆ ಒಬ್ಬರೂ ನೀರಿಗೆ ಇಳಿಯುವುದಿಲ್ಲ, ಬೇರೆ ದಡದ ಸೀಟಿಗೆ ಕದಲುವುದಿಲ್ಲ.

ಸೆಟ್ಟುಗಳಲ್ಲಿ ಟವರಿನ ಸಂಪರ್ಕವನ್ನೆಲ್ಲ ಕಡಿದು, ಮೇಸ್ತ್ರಿಗೊಂದು, ಜೊತೆಗಾರನಿಗೊಂದು ಎಂದು ಒಂದೊಂದು ದಡಕ್ಕೆ ಎರಡೆರಡು ಸೆಟ್ಟು ಹಂಚಿದೆವು. ಸೆಲ್ವಂ ತಮ್ಮ ಜೊತೆಗಾರನೊಂದಿಗೆ ಹೊಳೆಯ ತಿರುವಿನಾಚೆ ನಿಂತರು. ಅಲ್ಲಿಗೆ ಈ ದಡದ ಸಂಕೇತ ನೇರವಾಗಿ ಮುಟ್ಟುವುದಿಲ್ಲ. ಐದನೆಯದನ್ನು ಹಿಡಿದು ಸೇತುವೆಯ ನಡುವೆ ನಿಂತವಳು ನಾನು. ಹೊತ್ತನ್ನೂ ಮಾತನ್ನೂ ಅತ್ತಿಂದಿತ್ತ ದಾಟಿಸಬೇಕಾದದ್ದು ನನ್ನ ಸೆಟ್ಟು.

ದಾಟಿಸಲಿಲ್ಲ. ಚಂದ್ರಪ್ಪನವರ ದನಿ ಅರ್ಧ ಬಂದು ತುಂಡಾಯಿತು, ಸೆಲ್ವಂ ದನಿ ಕಾಲು ಬಂದು ನಿಂತಿತು. ಬೆವರುತ್ತ ಓಡಿ ಬಂದ ಸವಿತಾ ಎರಡೂ ದಡದವರನ್ನು ಸೇತುವೆಗೆ ಕರೆಸಿ ಐದು ಸೆಟ್ಟುಗಳನ್ನೂ ನೋಡಿದಳು. ಗುಂಪಿಗೆ ಹೊತ್ತು ಹೇಳುವ ಸೆಟ್ಟು ಯಾವುದೆಂದು ಆರಿಸಲು ಅವಳು ಒಂದು ಸ್ವಿಚ್ಚು ಇಟ್ಟಿದ್ದಳು. ಎರಡು ದಡದವರೂ ಕೇಳದೆ ಹೇಳದೆ ತಮ್ಮ ಮೇಸ್ತ್ರಿಯ ಸೆಟ್ಟನ್ನೇ ಹೆಡ್ ಮಾಡಿದ್ದರು. ನಡುವಿನ ನನ್ನ ಸೆಟ್ಟು ಇಬ್ಬರು ಯಜಮಾನರ ನಡುವೆ ಸಿಕ್ಕಿಬಿದ್ದಿತ್ತು.

ಇಬ್ಬರಲ್ಲೊಬ್ಬರು ಹೆಡ್ ಸ್ಥಾನ ಬಿಡಬೇಕಿತ್ತು, ಯಾರೂ ಸ್ವಿಚ್ಚು ಮುಟ್ಟಲಿಲ್ಲ. ಈ ದಡದ ಹುಡುಗರು ಆ ದಡದವರನ್ನು ನೋಡಿದರು, ಅವರು ಹೊಳೆಯನ್ನು ನೋಡಿದರು. ಸವಿತಾಳ ಮುಖ ಬಾಡಿತು.

ಕೊನೆಗೆ ಮಾತಾಡಿದವರು ಸೆಲ್ವಂ. "ಚಂದ್ರಣ್ಣ, ಕಾರ್ಖಾನೆ ಸೈರನ್ ನಮ್ಮ ಕೇರಿಗೆ ಸರಿಯಾಗಿ ಕೇಳ್ತಾ ಇರ್ಲಿಲ್ಲ. ಪಾಳಿ ಮುಗಿಸಿ ಬಂದ ನಿಮ್ಮಪ್ಪನ ವಾಚ್ ನೋಡಿ ನಮ್ಮಪ್ಪ ಗಡಿಯಾರ ಇಡ್ತಿದ್ರು. ನಮ್ಮಪ್ಪನ್ನ ನೋಡಿ ಇಡೀ ಕೇರಿ. ಅದಕ್ಕೆ ನಾವೇನು ಸಣ್ಣೋರಾದ್ವಾ?"

ಹಾಗೆಂದು ತಮ್ಮ ಸೆಟ್ಟಿನ ಸ್ವಿಚ್ಚು ತಾವೇ ಕೆಳಗೆ ತಳ್ಳಿ, ತಿರುವಿನಾಚೆಗೆ ನಡೆದುಬಿಟ್ಟರು.

ಸ್ವಲ್ಪ ಹೊತ್ತಿಗೆ ನನ್ನ ಅಂಗೈಯಲ್ಲಿ ಎರಡು ದಡಗಳೂ ಮಾತಾಡಿದವು. "ಕೇಳ್ತಾ ಇದೆಯಾ ಅಣ್ಣಾ?" "ಪಕ್ಕದಲ್ಲಿ ನಿಂತಂಗೆ ಕೇಳ್ತಿದೆ ಮಾರಾಯ." ಕೆಳಗೆ ಭದ್ರೆ ತನ್ನ ಪಾಡಿಗೆ ಹರಿಯುತ್ತಿದ್ದಳು. ಒಂದು ತಂತಿಯಿಲ್ಲ, ಕಂಬವಿಲ್ಲ.

ಸೇತುವೆಯ ತುದಿಯಲ್ಲಿ ನಿಂತಿದ್ದ ಚಂದ್ರಪ್ಪನವರು ಮಾತ್ರ ನಗಲಿಲ್ಲ. ಸವಿತಾಳನ್ನು ಕರೆದು ಕೇಳಿದರು: "ಹೊಳೇಲಿ ಮೊದ್ಲು ನಾನೇ ಮುಳುಗಿದ್ರೆ ಉಳಿದೋರ ಗತಿ ಏನಮ್ಮ?"

"ಬಂದ್ ಮಾಡಿ ನೋಡಿ ಸಾರ್," ಎಂದಳು ಅವಳು. ದನಿ ಸಣ್ಣಗಿತ್ತು.

ಅವರು ಸೆಟ್ಟು ಬಂದ್ ಮಾಡಿ ಜೇಬಿಗೆ ಹಾಕಿಕೊಂಡು ಸೇತುವೆಯ ಮೇಲೆ ನನ್ನ ಬಳಿ ಬಂದರು. ಮೊದಲು ಬರೀ ಗೊರಗೊರ. ನಾನು ಸೆಟ್ಟನ್ನು ಕಿವಿಯ ಹತ್ತಿರ ಹಿಡಿದೆ. ಆಮೇಲೆ ಹೊತ್ತು ಸಾರುವ ಕೆಲಸವನ್ನು ಉಳಿದವುಗಳಲ್ಲೊಂದು ವಹಿಸಿಕೊಂಡಿರಬೇಕು, ಸೆಲ್ವಂ ದನಿ ಎದ್ದು ಬಂತು. ಚಂದ್ರಪ್ಪನವರ ಜೊತೆಗಾರ ಈ ದಡದಿಂದ ಉತ್ತರ ಕೊಟ್ಟ. ಯಾವ ದೋಣಿ ಯಾವ ಕೇರಿಗೆ ಎಂದು ಇಬ್ಬರೂ ಹಂಚಿಕೊಳ್ಳತೊಡಗಿದರು. ಬಾಣಂತಿಯ ಆ ಮನೆಗೆ ತಾನು ಹೋಗುವುದಾಗಿ ಸೆಲ್ವಂ ಹೇಳಿದ್ದು ಸ್ಪಷ್ಟವಾಗಿ ಕೇಳಿಸಿತು.

ಚಂದ್ರಪ್ಪನವರು ಸೇತುವೆಯ ಕಟಾಂಜನಕ್ಕೆ ಒರಗಿದರು. "ನಾನಿಲ್ದೇನೂ ನಡೀತಿದೆಯಲ್ಲಮ್ಮ," ಎಂದರು. ದನಿಯಲ್ಲಿ ನೋವಿರಲಿಲ್ಲ, ಭಾರ ಇಳಿಸಿದವರ ಸಮಾಧಾನವಿತ್ತು.

ಸಂಜೆ ಮಂಡಕ್ಕಿ, ಮೆಣಸಿನಕಾಯಿ ಬೋಂಡ ತಿಂದು ಬಸ್ಸು ಹತ್ತಿದೆವು. ಸೆಟ್ಟುಗಳು ಈಜುಗಾರರ ಕೈಯಲ್ಲೇ ಉಳಿದವು, ಪೆಟ್ಟಿಗೆಯನ್ನು ಚಂದ್ರಪ್ಪನವರು ಮನೆಗೆ ಒಯ್ದಿದ್ದರು. ಬಸ್ಸು ಹೊರಟಾಗ ತಿರುಗಿ ನೋಡಿದೆ. ನಿಲ್ದಾಣದ ಮೂಲೆಯಲ್ಲಿ ನಿಂತ ಅವರು ಒಂದು ಸೆಟ್ಟನ್ನು ಬಾಯಿಯ ಹತ್ತಿರ ಹಿಡಿದು, ಆಚೆ ದಡದವರೊಂದಿಗೆ ಇನ್ನೂ ಮಾತಾಡುತ್ತಲೇ ಇದ್ದರು. ಮೊದಲ ಹನಿಗಳು ಕಿಟಕಿಗೆ ಬಿದ್ದವು. ಸವಿತಾ ಪೆಟ್ಟಿಗೆಯಿಲ್ಲದೆ ಬರಿದಾದ ನನ್ನ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋದಳು.